ನಾಲೆ ಏರಿ ಮೇಲೆ ಇಬ್ಬರ ಸೈಕಲ್

ಒಂದೇ ದಿನದಲ್ಲಿ 200 ಕಿಲೋಮೀಟರ್ ಸೈಕಲ್ ತುಳಿಯುವ ಸವಾರಿಯೊಂದಿದೆ. ಅದಕ್ಕೆ ಬ್ರೆವೆ ಅಂತ ಹೆಸರು. 13 ಗಂಟೆ 30 ನಿಮಿಷದೊಳಗೆ ಮುಗಿಸಬೇಕು. ಮೊದಲು ಬಂದವರಿಗೆ ಕಪ್ಪಿಲ್ಲ, ಕೊನೆಗೆ ಬಂದವರಿಗೆ ಅವಮಾನವೂ ಇಲ್ಲ. ಕೈಯಲ್ಲೊಂದು ಕಾರ್ಡು ಕೊಡುತ್ತಾರೆ. ದಾರಿಯಲ್ಲಿ ಹೇಳಿದ ಜಾಗಗಳಲ್ಲಿ ಹೇಳಿದ ಹೊತ್ತಿನೊಳಗೆ ಅದಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕು. ತಲೆಗೆ ಹೆಲ್ಮೆಟ್, ಸೈಕಲ್ಲಿಗೆ ಹಿಂದೆ ಮುಂದೆ ಲೈಟು, ಕತ್ತಲಲ್ಲಿ ಮಿಂಚುವ ಜಾಕೀಟು ಇರಲೇಬೇಕು. ಪಂಕ್ಚರ್ ಆದರೆ ನೀವೇ ಹಾಕಿಕೊಳ್ಳಬೇಕು, ಹಸಿವಾದರೆ ನೀವೇ ನೋಡಿಕೊಳ್ಳಬೇಕು. 200 ಆದ ಮೇಲೆ 300, 400, 600 ಕಿಲೋಮೀಟರಿನವೂ ಇವೆ. ಇದಕ್ಕೆಲ್ಲ ಮೂಲ ಫ್ರಾನ್ಸ್ ದೇಶ. ಅಲ್ಲಿ ನಾಲ್ಕು ವರ್ಷಕ್ಕೊಮ್ಮೆ ಪ್ಯಾರಿಸ್ಸಿನಿಂದ ಬ್ರೆಸ್ಟ್ ಊರಿಗೆ ಹೋಗಿ ವಾಪಸ್ ಬರುವ 1,200 ಕಿಲೋಮೀಟರಿನ ಸವಾರಿ ನಡೆಯುತ್ತದೆ, ಅದಕ್ಕೆ 90 ಗಂಟೆ ಗಡುವು. ನಮ್ಮ ಕಡೆ ಬೆಂಗಳೂರು, ಮೈಸೂರಿನಲ್ಲೂ ಬ್ರೆವೆ ನಡೆಯುತ್ತವೆ.

ಆ 200ಕ್ಕೆ ನಾವು ಗಂಡ ಹೆಂಡತಿ ತಯಾರಾಗುತ್ತಿದ್ದೇವೆ. ಊರು ಮಂಡ್ಯ ತಾಲ್ಲೂಕು. ನಮ್ಮನೆಯವರು ಊರಿನ ಹಾಲಿನ ಡೈರಿಯಲ್ಲಿ ಟೆಸ್ಟರ್. ಬೆಳಗ್ಗೆ ಆರಕ್ಕೆ, ಸಂಜೆ ಐದಕ್ಕೆ ಡೈರಿ ಬಾಗಿಲು ತೆಗೆಯಬೇಕು. ಭಾನುವಾರ ಹಸು ರಜ ಕೊಡುವುದಿಲ್ಲ, ಹಬ್ಬದ ದಿನವೂ ಕೊಡುವುದಿಲ್ಲ. ನಾವು ಪತ್ರಿಕೆಗೆ ಸುದ್ದಿ ಕಳಿಸುವವರು, ನಮಗಂತೂ ಹೊತ್ತು ಗೊತ್ತು ಎರಡೂ ಇಲ್ಲ. ಇಂಥ ಇಬ್ಬರು ಹದಿಮೂರೂವರೆ ಗಂಟೆ ಸೈಕಲ್ ಮೇಲೆ ಕೂರುತ್ತೇವೆ ಅಂತ ಹೊರಟಿದ್ದಕ್ಕೆ ಕಾರಣ ಹುಚ್ಚಲ್ಲ. ಸಕ್ಕರೆ.

ಸಕ್ಕರೆ ನಾಡಿನ ಸಕ್ಕರೆ

ಕಳೆದ ವರ್ಷ ಪಂಚಾಯ್ತಿ ಹತ್ತಿರ ಆರೋಗ್ಯ ಶಿಬಿರ ಮಾಡಿದ್ದರು. ಸುದ್ದಿ ಮಾಡಲು ಹೋದ ನಾವು, ಬಂದಿದ್ದೀವಲ್ಲ ಅಂತ ಇಬ್ಬರೂ ಬೆರಳು ಚುಚ್ಚಿಸಿಕೊಂಡೆವು. ನಮ್ಮನೆಯವರದು ಹೆಚ್ಚು ಬಂತು. ಆಮೇಲೆ ಆಸ್ಪತ್ರೆಯಲ್ಲಿ ರಕ್ತ ಕೊಟ್ಟಾಗ ಎಚ್‌ಬಿಎ1ಸಿ 8.4. ಹಿಂದಿನ ಎರಡು ಮೂರು ತಿಂಗಳು ರಕ್ತದಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಅಂತ ಹೇಳುವ ಪರೀಕ್ಷೆ ಅದು. 6.5 ದಾಟಿದರೆ ಸಕ್ಕರೆ ಕಾಯಿಲೆ. ಅವರಿಗಾಗ 37 ವರ್ಷ. ಅವರಪ್ಪನಿಗೆ ಇದೇ ಕಾಯಿಲೆಯಿಂದ ಕಾಲಿನ ಬೆರಳು ತೆಗೆದಿದ್ದರು. ಹಾಗಾಗಿ ಆ ರಾತ್ರಿ ಮನೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ.

ನಮ್ಮ ಜಿಲ್ಲೆಯನ್ನು ಸಕ್ಕರೆ ನಾಡು ಅಂತಾರೆ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ಬಂದ ಮೇಲೆ ಇಲ್ಲಿ ಕಬ್ಬು ಬಂತು. ಕೆನಡಾದಿಂದ ಬಂದು ಮೈಸೂರು ಸಂಸ್ಥಾನದ ಕೃಷಿ ಇಲಾಖೆ ನಡೆಸಿದ ಲೆಸ್ಲಿ ಕೋಲ್ಮನ್ ಅವರ ಪ್ರಯತ್ನದಿಂದ 1933ರಲ್ಲಿ ಮೈಷುಗರ್ ಕಾರ್ಖಾನೆ ಬಂತು. ಆಲೆಮನೆಗಳು ಬಂದವು. ಅಜ್ಜಂದಿರು ಬೆಲ್ಲ ತಿಂದು ಗದ್ದೆಯಲ್ಲಿ ಕರಗಿಸಿದರು. ನಮ್ಮ ಕಾಲಕ್ಕೆ ಉಳುವುದು ಟಿಲ್ಲರ್, ಕೊಯ್ಯುವುದು ಮೆಷಿನ್, ಅಂಗಡಿಗೆ ಹೋಗುವುದೂ ಬೈಕಿನಲ್ಲಿ. ತಿನ್ನುವುದು ಮಾತ್ರ ಹಾಗೇ ಇದೆ. ಡೈರಿಯಲ್ಲಿ ದಿನಕ್ಕೆ ಐದಾರು ಟೀ, ಪ್ರತಿಯೊಂದಕ್ಕೂ ಎರಡು ಚಮಚ.

ಡಾಕ್ಟರು ಮಾತ್ರೆ ಬರೆದುಕೊಟ್ಟು, ದಿನಕ್ಕೆ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ ಅಂದರು. ನಮ್ಮನೆಯವರಿಗೆ ನಡಿಗೆ ಅಂದರೆ ಆಗದು. "ಕೆಲ್ಸ ಇಲ್ದೆ ಊರ್ ಸುತ್ತೋನು ಅಂತಾರೆ" ಅಂತ ನಾಲ್ಕೇ ದಿನಕ್ಕೆ ನಿಲ್ಲಿಸಿದರು. ಕೊಟ್ಟಿಗೆಯ ಅಟ್ಟದಲ್ಲಿ ನಾದಿನಿ ಮಗಳಿಗೆ ಎಂಟನೇ ತರಗತಿಯಲ್ಲಿ ಸರ್ಕಾರ ಕೊಟ್ಟಿದ್ದ ಸೈಕಲ್ ಧೂಳು ತಿನ್ನುತ್ತಿತ್ತು. ಅದನ್ನು ಇಳಿಸಿ, ಟ್ಯೂಬ್ ಬದಲಾಯಿಸಿ, ಚೈನಿಗೆ ಎಣ್ಣೆ ಬಿಟ್ಟೆವು. ಅವರು ಅಪ್ಪನ ಕಾಲದ ಅಟ್ಲಾಸ್ ತೆಗೆದರು. ಮೊದಲ ದಿನ ನಾಲ್ಕು ಕಿಲೋಮೀಟರ್ ಹೋಗಿ ಬಂದು ಇಬ್ಬರೂ ಜಗಲಿ ಮೇಲೆ ಮಲಗಿದೆವು.

ದಾರಿ ಹುಡುಕಿದ್ದು

ತುಳಿಯುವುದು ಎಲ್ಲಿ ಅನ್ನುವುದೇ ಆಮೇಲಿನ ಪ್ರಶ್ನೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಯಿತು. ಅದೇ ವರ್ಷ ಆಗಸ್ಟ್ 1ರಿಂದ ಮುಖ್ಯರಸ್ತೆಗೆ ಬೈಕು, ಆಟೊ, ಟ್ರ್ಯಾಕ್ಟರ್ ಬರಬಾರದು ಅಂತಾಯಿತು. ಸೈಕಲ್, ಎತ್ತಿನಗಾಡಿಯೂ ಆ ಪಟ್ಟಿಯಲ್ಲೇ ಸೇರಿದವು. ಆ ವೇಗದ ನಡುವೆ ಸೈಕಲ್ ಹೋಗುವುದು ಬೇಡ, ಸರಿ. ಆದರೆ ಉಳಿದವರೆಲ್ಲ ಸರ್ವೀಸ್ ರಸ್ತೆಗೆ ಇಳಿದರು. ಕಬ್ಬಿನ ಟ್ರ್ಯಾಕ್ಟರು, ಎದುರು ದಿಕ್ಕಿನಲ್ಲಿ ಬರುವ ಬೈಕು, ಸ್ಕೂಲ್ ವ್ಯಾನು, ಕೆಟ್ಟು ನಿಂತ ಲಾರಿ ಎಲ್ಲ ಅಲ್ಲೇ. ಎರಡು ದಿನ ಹೋದೆವು, ಮೂರನೇ ದಿನ ಹೋಗಲಿಲ್ಲ.

ಕೊನೆಗೆ ಸಿಕ್ಕಿದ್ದು ನಾಲೆ ಏರಿ. ನಮ್ಮೂರ ಪಕ್ಕದಲ್ಲೇ ಹರಿಯುವ ವಿಶ್ವೇಶ್ವರಯ್ಯ ನಾಲೆ, ಎಲ್ಲರ ಬಾಯಲ್ಲಿ ವಿ.ಸಿ. ನಾಲೆ. ಮೊದಲು ಇದಕ್ಕೆ ಆಗಿನ ವೈಸ್‌ರಾಯ್ ಹೆಸರಿನಲ್ಲಿ ಇರ್ವಿನ್ ನಾಲೆ ಅಂತಿದ್ದರು. ಕೆಆರ್‌ಎಸ್‌ನಿಂದ ಹೊರಟು ಹುಲಿಕೆರೆ ಹತ್ತಿರ ಸುಮಾರು 2.8 ಕಿಲೋಮೀಟರ್ ಸುರಂಗದಲ್ಲಿ ಗುಡ್ಡದ ಹೊಟ್ಟೆಯೊಳಗೇ ಹೋಗಿ ಹೊರಬರುತ್ತದೆ. ಮುಂದೆ ಕವಲೊಡೆದು ಮಂಡ್ಯ, ಮದ್ದೂರು, ಮಳವಳ್ಳಿ ಕಡೆಗೆ ನೀರು ಕೊಡುತ್ತದೆ. ನಾಲೆಯ ಪಕ್ಕ ಇಂಜಿನಿಯರ್ ಜೀಪು, ನೀರುಗಂಟಿಗಳು ಓಡಾಡಲಿ ಅಂತ ಮಾಡಿದ ದಾರಿ ಇದೆ. ಕೆಲವು ಕಡೆ ಡಾಂಬರು, ಕೆಲವು ಕಡೆ ಕೆಮ್ಮಣ್ಣು, ಕೆಲವು ಕಡೆ ಬರೀ ಎರಡು ಚಕ್ರದ ಗೆರೆ.

ಆ ದಾರಿಯಲ್ಲಿ ಒಂದು ವಾರ ತುಳಿದ ಮೇಲೆ ತಿಳಿಯಿತು, ಅಲ್ಲಿ ಏರು ಅನ್ನುವುದೇ ಇಲ್ಲ. ಯೋಚಿಸಿದರೆ ಸಹಜ. ನೀರು ಹತ್ತುವುದಿಲ್ಲ. ನಾಲೆ ತೋಡಿದವರು ಗುಡ್ಡ ಬಂದರೆ ಬಳಸಿ, ಹಳ್ಳ ಬಂದರೆ ಮೇಲೆ ದಾಟಿಸಿ, ನೀರು ತಾನಾಗಿ ಹರಿಯುವಷ್ಟೇ ಇಳಿಜಾರು ಇಟ್ಟು ಬಂದಿದ್ದಾರೆ. ಅದರ ಪಕ್ಕದ ದಾರಿಯೂ ಹಾಗೇ ಇದೆ.

ಹೊರದೇಶಗಳಲ್ಲಿ ಇದೇ ಲೆಕ್ಕದ ಮೇಲೆ ಹಳೇ ರೈಲು ದಾರಿಗಳನ್ನು ಸೈಕಲ್ ದಾರಿ ಮಾಡಿದ್ದಾರೆ. ರೈಲಿಗೂ ಕಡಿದಾದ ಏರು ಆಗದು, ಕಬ್ಬಿಣದ ಹಳಿ ಮೇಲೆ ಕಬ್ಬಿಣದ ಚಕ್ರ ಜಾರುತ್ತದೆ. ಹಾಗಾಗಿ ರೈಲು ದಾರಿಯನ್ನು ಗುಡ್ಡ ಕಡಿದು, ತಗ್ಗು ತುಂಬಿ ಮಟ್ಟಸ ಮಾಡಿರುತ್ತಾರೆ. ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ಜಲ್ಲಿಪುಡಿ ಹಾಸಿದರೆ ಮುದುಕರೂ ಮಕ್ಕಳೂ ತುಳಿಯುವ ದಾರಿ ಸಿದ್ಧ. ಅಮೆರಿಕದ ಮಿಸೌರಿ ರಾಜ್ಯದಲ್ಲಿ 1986ರಲ್ಲಿ ನಿಂತ ರೈಲು ದಾರಿಯೊಂದು ಈಗ ಕೇಟಿ ಟ್ರೇಲ್ ಅನ್ನುವ ಸೈಕಲ್ ದಾರಿ, ಉದ್ದ ಸುಮಾರು 386 ಕಿಲೋಮೀಟರ್. ನ್ಯೂಜಿಲೆಂಡಿನ ಒಟಾಗೊದಲ್ಲಿ ಹೀಗೇ 152 ಕಿಲೋಮೀಟರ್ ಇದೆ, 2000ನೇ ಇಸವಿಯಲ್ಲಿ ತೆರೆದದ್ದು. ದಾರಿಯ ಅಕ್ಕಪಕ್ಕದ ಹಳ್ಳಿಗಳಲ್ಲಿ ಸೈಕಲ್ ಸವಾರರಿಗೆ ಊಟ, ವಸತಿ ಕೊಟ್ಟು ಜನ ಬದುಕುತ್ತಾರೆ. ನಮ್ಮ ಮಂಡ್ಯದ ರೈಲು ದಾರಿ ನಿಂತಿಲ್ಲ, ಜೋಡಿ ಹಳಿ ಆಗಿ ಇನ್ನೂ ಜೋರಾಗಿ ಓಡುತ್ತಿದೆ. ನಮಗೆ ಅಂಥ ಮಟ್ಟಸ ದಾರಿ ಅಂದರೆ ಈ ನಾಲೆ ಏರಿ ಒಂದೇ.

ಕಲಿತದ್ದು

ಮಟ್ಟಸ ದಾರಿ ಸುಲಭ ಅಂದುಕೊಂಡೇ ಶುರು ಮಾಡಿದೆವು. 30 ಕಿಲೋಮೀಟರ್ ದಾಟಿದ ಮೇಲೆ ಅದರ ಕಷ್ಟ ಗೊತ್ತಾಯಿತು. ಏರು ಇಲ್ಲದ ದಾರಿಯಲ್ಲಿ ಇಳಿಜಾರೂ ಇರುವುದಿಲ್ಲ. ಅಂದರೆ ಕಾಲಿಗೆ ಬಿಡುವೇ ಇಲ್ಲ. ಗುಡ್ಡದ ರಸ್ತೆಯಲ್ಲಾದರೆ ಹತ್ತುವಾಗ ಎದ್ದು ನಿಂತು ತುಳಿಯುತ್ತೀರಿ, ಇಳಿಯುವಾಗ ಸುಮ್ಮನೆ ಕೂರುತ್ತೀರಿ. ಇಲ್ಲಿ ಗಂಟೆಗಟ್ಟಲೆ ಒಂದೇ ಭಂಗಿ. ಸೀಟು ಉರಿಯುತ್ತದೆ, ಅಂಗೈ ಜೋಮು ಹಿಡಿಯುತ್ತದೆ. ಅದಕ್ಕೆ ಹತ್ತು ನಿಮಿಷಕ್ಕೊಮ್ಮೆ ಬೇಕಂತಲೇ ಸೀಟಿನಿಂದ ಎದ್ದು ಇಪ್ಪತ್ತು ಸಲ ತುಳಿಯುವ ಅಭ್ಯಾಸ ಮಾಡಿಕೊಂಡೆವು.

ಆಷಾಢದಲ್ಲಿ ಗಾಳಿ ಕಲಿಸಿತು. ಹೋಗುವಾಗ ಬೆನ್ನಿಗೆ ಬಿದ್ದು ತಳ್ಳುವ ಗಾಳಿ, ಬರುವಾಗ ಎದೆಗೆ ಕೈ ಕೊಟ್ಟು ನಿಲ್ಲಿಸುತ್ತದೆ. ಒಬ್ಬರ ಹಿಂದೆ ಒಬ್ಬರು ಹತ್ತಿರದಲ್ಲಿ ಹೋದರೆ ಹಿಂದಿನವರಿಗೆ ಶ್ರಮ ಕಡಿಮೆ. ಎರಡೆರಡು ಕಿಲೋಮೀಟರಿಗೆ ಮುಂದೆ ಹಿಂದೆ ಬದಲಾಯಿಸಿಕೊಂಡೆವು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಇಷ್ಟು ಲೆಕ್ಕ ಇಟ್ಟು ಕೆಲಸ ಹಂಚಿಕೊಂಡಿದ್ದು ಇದೇ ಮೊದಲು ಅಂತ ನಗಾಡಿದೆವು.

ಮುಳ್ಳು ಇನ್ನೊಂದು. ಏರಿ ಬದಿಯ ಬಳ್ಳಾರಿ ಜಾಲಿ ಕಡಿದು ರಾಶಿ ಹಾಕಿದ ಕಡೆ ಪಂಕ್ಚರ್ ಗ್ಯಾರಂಟಿ. ಒಂದೇ ತಿಂಗಳಲ್ಲಿ ಒಂಬತ್ತು ಪಂಕ್ಚರ್ ಹಾಕಿದೆವು, ಈಗ ಹದಿನೈದು ನಿಮಿಷದ ಕೆಲಸ. ಸುಗ್ಗಿಯಲ್ಲಿ ರಾಗಿ ತೆನೆ, ಹುರುಳಿ ಸೊಪ್ಪು ದಾರಿಗೆ ಹರಡಿರುತ್ತಾರೆ, ಗಾಡಿ ಹಾಯ್ದು ಕಾಳು ಉದುರಲಿ ಅಂತ. ಹುರುಳಿ ಬಳ್ಳಿ ಗೇರಿನ ಹಲ್ಲಿಗೆ ಸುತ್ತಿಕೊಂಡರೆ ಬಿಡಿಸಲು ಅರ್ಧ ಗಂಟೆ. ಇಳಿದು ತಳ್ಳಿಕೊಂಡು ಹೋಗುವುದೇ ಸುಲಭ. ಆ ನೆಪದಲ್ಲಿ ಒಂದು ಸುದ್ದಿಯೂ ಸಿಗುತ್ತದೆ.

ಹೆಂಗಸರಿಗೆ ಬೇರೆಯೇ ಲೆಕ್ಕ ಇದೆ. ದುಪಟ್ಟಾ ಚೈನಿಗೆ ಸಿಕ್ಕಿ ಒಮ್ಮೆ ಹರಿದ ಮೇಲೆ ಬಿಟ್ಟೆವು. ಪ್ಯಾಂಟು, ಉದ್ದ ತೋಳಿನ ಅಂಗಿ. ಮೊದಲ ತಿಂಗಳು ಡೈರಿ ಮುಂದೆ, ಅರಳಿಕಟ್ಟೆ ಮುಂದೆ ಮಾತು ಎದ್ದವು. "ಡೈರಿ ಲೆಕ್ಕ ಬಿಟ್ಟು ಹೆಂಡ್ತಿ ಹಿಂದೆ ಸೈಕಲ್ ತುಳೀತಾನೆ" ಅಂತ ಅವರಿಗೆ, "ಪೇಪರ್‌ನೋರು ಮಾಡಿದ್ದೇ ಕಾನೂನು" ಅಂತ ನಮಗೆ. ಅತ್ತೆ ಮಾತ್ರ ಒಂದೇ ಮಾತು ಕೇಳಿದರು: "ಅವ್ನ ಸಕ್ರೆ ಇಳೀತಾ ಅದಾ?" ಆರು ತಿಂಗಳಿಗೆ ಎಚ್‌ಬಿಎ1ಸಿ 6.9 ಬಂತು. ಅಂದಿನಿಂದ ಬೆಳಗಿನ ಹಸು ಕೆಲಸ ಅತ್ತೆಯೇ ನೋಡಿಕೊಂಡರು.

ಶೌಚಾಲಯದ ಸಂಗತಿ ಯಾರೂ ಬರೆಯುವುದಿಲ್ಲ, ನಾವೇ ಬರೆಯುತ್ತೇವೆ. ಗಂಡಸರಿಗೆ ಬೇಲಿ ಸಾಕು. ನಮಗೆ ನೂರು ಕಿಲೋಮೀಟರಿಗೆ ಮೂರು ಜಾಗವಾದರೂ ಬೇಕು. ಅದಕ್ಕೆ ಹೆದರಿ ನೀರು ಕುಡಿಯದೆ ಹೋದರೆ ತಲೆನೋವು, ಉರಿಮೂತ್ರ ಖಂಡಿತ. ಹೊರಡುವ ಮೊದಲೇ ಪೆಟ್ರೋಲ್ ಬಂಕ್, ಗುರುತಿನವರ ಮನೆ, ಬಸ್ ನಿಲ್ದಾಣ ಅಂತ ಪಟ್ಟಿ ಮಾಡಿಕೊಂಡರೆ ಧೈರ್ಯ.

ದೂರವನ್ನು ವಾರಕ್ಕೆ ಸ್ವಲ್ಪ ಸ್ವಲ್ಪವೇ ಏರಿಸಿದೆವು. 20, 25, 30 ಹೀಗೆ. ಮೈಸೂರಿನಲ್ಲಿ ಗೇರ್ ಇರುವ ಹಳೇ ಸೈಕಲ್ ಎರಡು ಕೊಂಡೆವು. ಅಭ್ಯಾಸ ಇರುವವರು ಹೇಳಿದ್ದು, 200ಕ್ಕೆ ಹೋಗುವ ಮೊದಲು ಒಮ್ಮೆಯಾದರೂ 140ರ ಹತ್ತಿರ ತುಳಿದಿರಬೇಕು ಅಂತ. ಹಾಗಾಗಿ ಡಿಸೆಂಬರ್ ತಿಂಗಳ ಒಂದು ಭಾನುವಾರ ಗೊತ್ತು ಮಾಡಿದೆವು. ಊರಿಂದ ನಾಲೆ ಹಿಡಿದು ಪಶ್ಚಿಮಕ್ಕೆ ಕೆಆರ್‌ಎಸ್ 40 ಕಿಲೋಮೀಟರ್, ವಾಪಸ್ ಊರು 80, ಆಮೇಲೆ ಪೂರ್ವಕ್ಕೆ ಮದ್ದೂರು ಕಡೆ 30 ಹೋಗಿ 30 ಬಂದರೆ 140. ಬೆಳಗಿನ ಡೈರಿಗೆ ಭಾವನ ಮಗ ಒಪ್ಪಿದ, ಅವನಿಗೆ ಲ್ಯಾಕ್ಟೋಮೀಟರ್ ಹಿಡಿಯಲು ಬರುತ್ತದೆ. ಸಂಜೆ ಅವನು ಊರಲ್ಲಿರುವುದಿಲ್ಲ. ಐದಕ್ಕೆ ಸರಿಯಾಗಿ ನಮ್ಮನೆಯವರೇ ಬಾಗಿಲು ತೆಗೆಯಬೇಕು. ಇಲ್ಲವಾದರೆ ಎಪ್ಪತ್ತು ಎಂಬತ್ತು ಜನ ಹಾಲಿನ ಕ್ಯಾನ್ ಹಿಡಿದು ಬೀದಿಯಲ್ಲಿ ನಿಲ್ಲುತ್ತಾರೆ.

ಆ ಭಾನುವಾರ

ನಾಲ್ಕೂವರೆಗೆ ಹೊರಟೆವು. ಚಳಿ ಇತ್ತು, ನಾಲೆ ಮೇಲೆ ಮಂಜು ಕೂತಿತ್ತು. ಲೈಟಿನ ಬೆಳಕಿನಲ್ಲಿ ಹತ್ತು ಮಾರು ಬಿಟ್ಟರೆ ಮುಂದೆ ಕಾಣದು. ಎಡಕ್ಕೆ ನೀರು ಹರಿಯುವ ಸದ್ದು, ಬಲಕ್ಕೆ ಕಬ್ಬಿನ ಗರಿಯ ಸದ್ದು. ಎಲ್ಲೋ ಆಲೆಮನೆಯಲ್ಲಿ ಪಾಕ ಬಂದಿತ್ತು, ಅರ್ಧ ಮೈಲಿ ದೂರಕ್ಕೂ ಬೆಲ್ಲದ ವಾಸನೆ. ನಮ್ಮನೆಯವರು "ಮೂಗಿಂದ್ಲೂ ಸಕ್ರೆ ಏರ್ತದೇನೋ" ಅಂದರು.

ಪಾಂಡವಪುರ ತಾಲ್ಲೂಕಿನ ಏರಿಗೆ ಬರುವ ಹೊತ್ತಿಗೆ ಬೆಳಕಾಗಿತ್ತು. ಕನಗನಮರಡಿ ಕಡೆ ಬಂದಾಗ ಇಬ್ಬರೂ ತಾವಾಗಿ ಸೈಕಲ್ ಇಳಿದೆವು. 2018ರ ನವೆಂಬರ್ 24, ಶನಿವಾರ. ಖಾಸಗಿ ಬಸ್ಸು ನಾಲೆಗೆ ಬಿದ್ದು 30 ಜನ ಸತ್ತರು. ಶನಿವಾರದ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅದರಲ್ಲಿದ್ದರು. ಆ ಮಧ್ಯಾಹ್ನ ನಾವು ಇದೇ ಏರಿ ಮೇಲೆ ನಿಂತು ಹೆಸರು, ವಯಸ್ಸು, ಊರು ಬರೆದುಕೊಂಡಿದ್ದೆವು. ಒದ್ದೆಯಾದ ಶಾಲೆ ಚೀಲಗಳನ್ನು ಒಂದು ಕಡೆ ಸಾಲಾಗಿ ಇಟ್ಟಿದ್ದರು. ಅದೇ ರಾತ್ರಿ ಬೆಂಗಳೂರಿನಲ್ಲಿ ಅಂಬರೀಷ್ ತೀರಿಕೊಂಡರು, ಮಂಡ್ಯಕ್ಕೆ ಮಂಡ್ಯವೇ ಎರಡು ದುಃಖ ಒಟ್ಟಿಗೆ ಹೊತ್ತಿತು. ತಡೆಗೋಡೆ ಇಲ್ಲದ ಏರಿ ಬಗ್ಗೆ ಅಂದಿನಿಂದ ಎಷ್ಟು ಸಲ ಬರೆದಿದ್ದೇವೋ ಲೆಕ್ಕವಿಲ್ಲ. 2023ರಲ್ಲೂ ಕಾರುಗಳು ನಾಲೆಗೆ ಬಿದ್ದು ಜೀವ ಹೋದವು. ಪ್ರತಿ ಸಲವೂ ಸ್ವಲ್ಪ ದೂರ ಗೋಡೆ ಏಳುತ್ತದೆ, ಮುಂದಿನ ತಿರುವು ಹಾಗೇ ಉಳಿಯುತ್ತದೆ.

ಐದು ನಿಮಿಷ ನಿಂತು ಮುಂದೆ ಹೋದೆವು. ಏಳೂಕಾಲಿಗೆ ಕೆಆರ್‌ಎಸ್. ಬುತ್ತಿಯ ಚಪಾತಿ, ಬೇಯಿಸಿದ ಮೊಟ್ಟೆ, ಉಪ್ಪು ಹಾಕಿದ ಮಜ್ಜಿಗೆ. ನಮ್ಮನೆಯವರು ಗ್ಲುಕೋಮೀಟರ್ ತೆಗೆದು ಬೆರಳು ಚುಚ್ಚಿಕೊಂಡರು, 132. ಸರಿಯಾಗಿದೆ ಅಂತ ವಾಪಸ್ ಹೊರಟೆವು. ಹತ್ತೂಕಾಲಿಗೆ ಊರ ಹತ್ತಿರದ ಸೇತುವೆ ದಾಟಿದೆವು. 80 ಆಗಿತ್ತು. ಅತ್ತೆ ಸೇತುವೆ ಹತ್ತಿರ ಬಂದು ಎರಡು ಬಾಟಲಿ ನೀರು, ಬಾಳೆಹಣ್ಣು ಕೊಟ್ಟು ಹೋದರು. ಬೆಳಗಿನ ಹಾಲೆಲ್ಲ ಸರಿಯಾಗಿ ಹೋಯ್ತು ಅಂತಲೂ ಹೇಳಿದರು.

ಪೂರ್ವಕ್ಕೆ ತಿರುಗಿದ ಮೇಲೆ ಬಿಸಿಲು ಏರಿತು. ನೂರು ದಾಟಿದಾಗ ಇಬ್ಬರೂ ಕೈ ತಟ್ಟಿಕೊಂಡೆವು. ಮುಂದೆ ನಮ್ಮ ಸರದಿ, ಅವರು ಹಿಂದೆ. ನಾಲ್ಕು ಕಿಲೋಮೀಟರ್ ಕಳೆದಿರಬೇಕು, ಹಿಂದಿನ ಚಕ್ರದ ಸದ್ದು ಒಂದು ಥರ ಬದಲಾಯಿತು. ತಿರುಗಿ ನೋಡಿದರೆ ಅವರ ಸೈಕಲ್ ಹಾವಿನ ಹಾಗೆ ಹೋಗುತ್ತಿದೆ, ಡಾಂಬರು ಬಿಟ್ಟು ನಾಲೆ ಕಡೆಯ ಹುಲ್ಲಿಗೆ ಇಳಿದಿದೆ. ಅಲ್ಲಿ ಗೋಡೆ ಇಲ್ಲ, ಕಲ್ಲು ಕಂಬವೂ ಇಲ್ಲ. ಹುಲ್ಲು ಮುಗಿದರೆ ಸಿಮೆಂಟಿನ ಜಾರು, ಅದರ ಕೆಳಗೆ ನೀರು.

"ರೀ, ನಿಲ್ಸಿ" ಅಂತ ಕೂಗಿದೆವು. ಅವರು ನಿಲ್ಲಿಸಲಿಲ್ಲ, ನಮ್ಮ ಕಡೆ ನೋಡಿ ನಕ್ಕರು. ಆ ನಗು ಅವರದ್ದಲ್ಲ. ಸೈಕಲ್ ಬಿಸಾಕಿ ಓಡಿ ಹ್ಯಾಂಡಲ್ ಹಿಡಿದು ಏರಿ ಕಡೆಗೆ ಎಳೆದೆವು. ಇಬ್ಬರೂ ಮಣ್ಣಿನ ಮೇಲೆ ಬಿದ್ದೆವು. ಅವರ ಮುಖ ಬೆವತು ತಣ್ಣಗಿತ್ತು, ಕೈ ನಡುಗುತ್ತಿತ್ತು, ಮಾತು ತೊದಲುತ್ತಿತ್ತು.

ಡಾಕ್ಟರು ಮೊದಲೇ ಹೇಳಿದ್ದರು. ಅವರ ಮಾತ್ರೆಗಳಲ್ಲಿ ಒಂದು ಗ್ಲಿಮಿಪಿರೈಡ್. ಅದು ದೇಹದಲ್ಲಿ ಇನ್ಸುಲಿನ್ ಹೆಚ್ಚು ಹೊರಬರುವ ಹಾಗೆ ಮಾಡುತ್ತದೆ. ಅದರ ಜೊತೆಗೆ ದಿನವಿಡೀ ದುಡಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. 70ಕ್ಕಿಂತ ಕೆಳಗೆ ಹೋದರೆ ಅಪಾಯ. ಬೆವರು, ನಡುಕ, ತೊದಲು, ಕುಡಿದವರ ಹಾಗೆ ಆಡುವುದು, ಇವೇ ಗುರುತು. ನಮ್ಮ ಚೀಲದಲ್ಲಿ ಗ್ಲೂಕೋಸ್ ಪುಡಿ ಅದಕ್ಕೇ ಇತ್ತು. ಬೆರಳು ಚುಚ್ಚಿದರೆ 58.

ಮೂರು ಚಮಚ ಪುಡಿ ನೀರಿಗೆ ಕಲಸಿ ಗುಟುಕು ಗುಟುಕಾಗಿ ಕುಡಿಸಿದೆವು. ಹದಿನೈದು ನಿಮಿಷ ಕಾಯಬೇಕು, ಮತ್ತೆ ನೋಡಬೇಕು. ಇದೇ ನಿಯಮ. ಆ ಹದಿನೈದು ನಿಮಿಷ ಅವರ ತಲೆ ನಮ್ಮ ತೊಡೆ ಮೇಲೆ, ಎದುರಿಗೆ ನಾಲೆ ತನ್ನ ಪಾಡಿಗೆ ಹರಿಯುತ್ತಿತ್ತು. ನೀರಿನಲ್ಲಿ ಒಂದು ತೆಂಗಿನ ಗರಿ ತೇಲಿ ಬಂತು. ಆಳೆತ್ತರದ ಸಿಮೆಂಟು ಇಳಿಜಾರು, ಪಾಚಿ ಕಟ್ಟಿ ಮಿರುಗುತ್ತಿದೆ. ಬಿದ್ದವರು ಈಜು ಬಂದರೂ ಹಿಡಿದು ಹತ್ತಲು ಏನೂ ಇಲ್ಲ. ಎಷ್ಟೋ ಸಲ ಸುದ್ದಿಯಲ್ಲಿ ಬರೆದ ಈ ಸಾಲು ಅವತ್ತು ನಮಗೇ ಅರ್ಥವಾಯಿತು.

ಹುಲ್ಲಿನ ಹೊರೆ ಹೊತ್ತ ಅಜ್ಜಿಯೊಬ್ಬರು ಬಂದು ಹೊರೆ ಇಳಿಸಿ ನಿಂತರು.

"ಯಾಕವ್ವಾ, ಏನಾಯ್ತು ನಿನ್ ಗಂಡನ್ಗೆ?"

"ಸಕ್ರೆ ಕಮ್ಮಿ ಆಗದೆ ಅಜ್ಜಿ."

"ಮಂಡ್ಯದೋರ್ಗೆ ಸಕ್ರೆ ಕಮ್ಮಿಯಾ?" ಅಂದು ಅಜ್ಜಿ ಮಡಿಲಿನಿಂದ ಒಂದು ಬೆಲ್ಲದ ಉಂಡೆ ತೆಗೆದುಕೊಟ್ಟರು. ಗಾಬರಿಯಲ್ಲೂ ನಗು ಬಂತು. ನಮ್ಮ ಹತ್ತಿರ ಕೂತು, ಸೆರಗಿನಿಂದ ಅವರಿಗೆ ಗಾಳಿ ಹಾಕುತ್ತ ಅಜ್ಜಿ ನಾಲೆ ಕಡೆ ಕೈ ತೋರಿಸಿದರು. "ಇದು ಬಂದ್ಮೇಲೆ ನಮ್ಮಪ್ಪ ಅನ್ನ ಕಂಡ. ಹೋದ್ ವರ್ಸ ನಮ್ ಎಮ್ಮೆ ಬಿದ್ದೋಯ್ತು, ಎತ್ತಕ್ಕೆ ಆಗ್ನಿಲ್ಲ. ಒಂದ್ ನಾಕ್ ಮೆಟ್ಲು ಮಡಗಿದ್ರೆ ಏನಾಗಿರದು ಇವ್ರ್‌ಗೆ?"

ಹದಿನೈದು ನಿಮಿಷಕ್ಕೆ 81. ಮಾತು ಸರಿಯಾಯಿತು. "ಏನಾಯ್ತು? ಬಿದ್ನಾ?" ಅಂತ ಅವರೇ ಕೇಳಿದರು. ಬಾಳೆಹಣ್ಣು, ಚಪಾತಿ, ಅಜ್ಜಿಯ ಬೆಲ್ಲ ತಿಂದು ಮುಕ್ಕಾಲು ಗಂಟೆ ಹೊಂಗೆ ನೆರಳಲ್ಲಿ ಕೂತೆವು. ಇನ್ನು ಆರು ಕಿಲೋಮೀಟರ್ ಹೋದರೆ ಗೊತ್ತು ಮಾಡಿದ ಜಾಗ, 140ರ ಲೆಕ್ಕ ಸರಿಯಾಗುತ್ತಿತ್ತು. ಅವರು ಆ ಕಡೆ ನೋಡಿದರು. ನಾವು ಸೈಕಲ್ ಊರ ಕಡೆಗೆ ತಿರುಗಿಸಿದೆವು. ಅವರು ವಾದ ಮಾಡಲಿಲ್ಲ.

ವಾಪಸ್ 24 ಕಿಲೋಮೀಟರ್. ನಾವು ನಾಲೆ ಬದಿಗೆ, ಅವರು ಗದ್ದೆ ಬದಿಗೆ, ಜೊತೆಜೊತೆಯಾಗಿ. ಅರ್ಧ ಗಂಟೆಗೊಮ್ಮೆ ನಿಂತು ಏನಾದರೂ ತಿಂದು, ಎರಡು ಸಲ ಬೆರಳು ಚುಚ್ಚಿ ನೋಡಿ, ಮೂರೂವರೆಗೆ ಮನೆ ಸೇರಿದೆವು. ಒಟ್ಟು 128. ಸ್ನಾನ ಮಾಡಿ, ಮುದ್ದೆ ಉಂಡು ಐದಕ್ಕೆ ಐದು ನಿಮಿಷ ಇರುವಾಗ ಡೈರಿ ಬಾಗಿಲು ತೆಗೆದರು. ಸಾಲಿನಲ್ಲಿ ನಿಂತಿದ್ದವರಿಗೆ ಏನೂ ಗೊತ್ತಾಗಲಿಲ್ಲ. ಕಾಲು ಕುಂಟುತ್ತಿದೆ ಅಂತ ಒಬ್ಬರು ಆಡಿಕೊಂಡರಂತೆ, ಅಷ್ಟೇ.

ಈಗ

ಮರುದಿನವೇ ಡಾಕ್ಟರ ಹತ್ತಿರ ಹೋದೆವು. ತುಳಿಯಬೇಡಿ ಅನ್ನುತ್ತಾರೇನೋ ಅಂತ ಭಯವಿತ್ತು. ಅವರು ನಮ್ಮ ಪುಸ್ತಕದಲ್ಲಿ ಬರೆದಿಟ್ಟಿದ್ದ ಎಲ್ಲ ಅಂಕಿ ನೋಡಿದರು. ಸಕ್ಕರೆ ಹತೋಟಿಗೆ ಬಂದಿದೆ, ದೇಹ ಬದಲಾಗಿದೆ, ಹಳೇ ಪ್ರಮಾಣದ ಮಾತ್ರೆ ಈಗ ಹೆಚ್ಚಾಗುತ್ತಿದೆ ಅಂದರು. ಆ ಒಂದು ಮಾತ್ರೆ ತೆಗೆದರು. ದೂರ ಹೋಗುವ ದಿನ ಎರಡು ಗಂಟೆಗೊಮ್ಮೆ ಸಕ್ಕರೆ ನೋಡಬೇಕು, ಗಂಟೆಗೊಮ್ಮೆ ತಿನ್ನಬೇಕು, ಒಬ್ಬರೇ ಹೋಗಬಾರದು ಅಂತ ಹೇಳಿ ಕಳಿಸಿದರು. ಸಕ್ಕರೆ ಕಾಯಿಲೆಯವರು ಇದನ್ನು ಓದಿ ತಾವಾಗಿ ಮಾತ್ರೆ ಬಿಡಬೇಡಿ, ನಿಮ್ಮ ಡಾಕ್ಟರನ್ನೇ ಕೇಳಿ. ಹೊಲದ ಕೆಲಸಕ್ಕೆ ಹೋಗುವವರಿಗೂ ಇದೇ ಮಾತು. ಮಾತ್ರೆ ನುಂಗಿ ಬರೀ ಹೊಟ್ಟೆಯಲ್ಲಿ ಕಬ್ಬು ಕಡಿಯಲು ಹೋದರೆ ಹೀಗೇ ಆಗಬಹುದು. ಜೇಬಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಬ್ರೆವೆಗೆ ಹೆಸರು ಕೊಡುವುದೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದೆವು. ಆ ದಿನದ ಸಂಜೆ ಡೈರಿಗೂ ಜನ ಬೇಕು. ಭಾವನ ಮಗ "ನಾನಿದೀನಿ ಹೋಗ್ ಬನ್ನಿ ಚಿಕ್ಕಪ್ಪ" ಅಂದಿದ್ದಾನೆ. ಮೊದಲು ಇನ್ನೊಂದು ಸಲ 140 ತುಳಿಯುತ್ತೇವೆ. ಪ್ರತಿ ಎರಡು ಗಂಟೆಗೆ ಅಂಕಿ ಸರಿ ಬಂದರೆ ಹೆಸರು ಕೊಡುತ್ತೇವೆ. ಬಾರದಿದ್ದರೆ ಮುಂದಿನ ವರ್ಷ.

ಅಜ್ಜಿ ಕೇಳಿದ ಮೆಟ್ಟಿಲಿನ ಮಾತನ್ನೂ ಇಲ್ಲಿ ಬರೆಯಬೇಕು. ನಾಲೆ ದುರಸ್ತಿಗೆ ಹಣ ಬಂದಾಗಲೆಲ್ಲ ಸಿಮೆಂಟು ನುಣುಪಾಗುತ್ತದೆ, ನೀರು ಬೇಗ ಹರಿಯುತ್ತದೆ, ಕೊನೆ ಭಾಗದ ಗದ್ದೆಗೂ ತಲುಪುತ್ತದೆ. ಅದು ಬೇಕು. ಅದರ ಜೊತೆಗೆ ತಿರುವುಗಳಲ್ಲಿ ಗೋಡೆ, ಅಲ್ಲಲ್ಲಿ ಹಿಡಿದು ಹತ್ತಲು ಮೆಟ್ಟಿಲು ಅಥವಾ ಕಬ್ಬಿಣದ ಸರಪಳಿ, ರಾತ್ರಿ ಮಿನುಗುವ ಪಟ್ಟಿ ಇಷ್ಟಾದರೂ ಬೇಕು. ಈ ಏರಿ ಮೇಲೆ ಬರೀ ಜೀಪು ಓಡಾಡುವುದಿಲ್ಲ. ಶಾಲೆ ಮಕ್ಕಳು, ಹುಲ್ಲಿನ ಹೊರೆಯವರು, ಹಾಲಿನ ಕ್ಯಾನಿನವರು, ಹೆದ್ದಾರಿಯಿಂದ ಕೆಳಗಿಳಿದ ಎಲ್ಲರೂ ಇಲ್ಲೇ ಇದ್ದೇವೆ.

ನಿಮ್ಮೂರ ಏರಿಯಲ್ಲಿ ಗೋಡೆ ಇಲ್ಲದ ತಿರುವು ಇದ್ದರೆ ಒಂದು ಫೋಟೊ ತೆಗೆದು, ಊರ ಹೆಸರು, ಹತ್ತಿರದ ತೂಬು ಅಥವಾ ಸೇತುವೆಯ ಗುರುತು ಬರೆದು ನಿಮ್ಮ ಗ್ರಾಮಸಭೆಯಲ್ಲಿ ಅರ್ಜಿಯಾಗಿ ಕೊಡಿ, ನಡಾವಳಿಯಲ್ಲಿ ಬರೆಸಿ. ಬರೀ ಬಾಯಲ್ಲಿ ಹೇಳಿದ್ದು ಉಳಿಯುವುದಿಲ್ಲ. ನಮ್ಮ ಊರಿನ ಏರಿಯಲ್ಲಿ ಅಂಥವು ಏಳು ಸಿಕ್ಕಿವೆ. ಮುಂದಿನ ಭಾನುವಾರ ಕೆಆರ್‌ಎಸ್ ಕಡೆ ಹೋಗುವಾಗ ಉಳಿದದ್ದನ್ನೂ ಎಣಿಸಿಕೊಂಡು ಬರುತ್ತೇವೆ.